ಪುಟ್ಟ ಕೈತಯಾರಿ ಲೆನ್ಸ್: ಆರಿಸೋದು, ಪರೀಕ್ಷಿಸೋದು, ಪಳಗಿಸೋದು

ಮೂಲೆಯಿಂದ ಮೂಲೆಗೆ ಒಂದೇ ಸಮ ಚೂಪಾಗಿರುವ ಚಿತ್ರ ಬೇಕು ಅನ್ನುವವರಿಗೆ ಈ ಲೇಖನದಿಂದ ಉಪಯೋಗ ಕಮ್ಮಿ. ಅದಕ್ಕೆ ದೊಡ್ಡ ಕಂಪನಿಗಳ ಆಟೋಫೋಕಸ್ ಲೆನ್ಸ್‌ಗಳು ಬೇಕಾದಷ್ಟಿವೆ, ಅವು ನಿಜಕ್ಕೂ ಚೆನ್ನಾಗಿಯೇ ಇವೆ. ಇಲ್ಲಿ ಹೇಳುತ್ತಿರುವುದು ಬೇರೆ ಜಾತಿಯ ಲೆನ್ಸ್‌ಗಳ ವಿಷಯ. ಒಬ್ಬರೋ ಇಬ್ಬರೋ ಕುಶಲಕರ್ಮಿಗಳು ಸಣ್ಣ ಕಾರ್ಯಾಗಾರದಲ್ಲಿ ಕೂತು, ನೂರು ವರ್ಷ ಹಳೆಯ ವಿನ್ಯಾಸವನ್ನು ಹೊಸ ಗಾಜಿನಲ್ಲಿ ಮತ್ತೆ ಕಟ್ಟಿ, ಒಂದೊಂದನ್ನೂ ಕೈಯಲ್ಲೇ ಹೊಂದಿಸಿ ಕೊಡುವ ಪುಟಾಣಿ ಲೆನ್ಸ್‌ಗಳು. ಜಪಾನಿನ ಸದಯಾಸು ಮಿಯಾಝಾಕಿ ಎಂಎಸ್ ಆಪ್ಟಿಕಲ್ ಹೆಸರಿನಲ್ಲಿ ಮಾಡಿದ ಪೆರಾರ್, ಸೊನ್ನೆಟಾರ್ ಲೆನ್ಸ್‌ಗಳು ಇದಕ್ಕೆ ಒಳ್ಳೆಯ ಉದಾಹರಣೆ. ಪೆರಾರ್ 35 ಎಂಎಂ ಎಫ್ 3.5 ಹಾಕಿದ ಕ್ಯಾಮೆರಾ ನೋಡಿದರೆ ಲೆನ್ಸ್ ಹಾಕಿದ್ದಾರೋ ಬರೀ ಮುಚ್ಚಳ ಹಾಕಿದ್ದಾರೋ ಅಂತ ಅನುಮಾನ ಬರುತ್ತದೆ, ಅಷ್ಟು ತೆಳ್ಳಗಿದೆ. (ಎಂಎಂ ಅಂಕಿ ಹೇಳೋದು ಲೆನ್ಸ್‌ನ ನೋಟ ಎಷ್ಟು ಅಗಲ ಅಂತ, ಅಂಕಿ ಚಿಕ್ಕದಾದಷ್ಟೂ ನೋಟ ಅಗಲ. ಎಫ್ ಅಂಕಿ ಹೇಳೋದು ಬೆಳಕು ಬರುವ ಕಿಂಡಿ, ಅಂದರೆ ಅಪರ್ಚರ್, ಎಷ್ಟು ತೆರೆಯುತ್ತೆ ಅಂತ, ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು.)

ಇಂಥ ಲೆನ್ಸ್ ಕೊಳ್ಳುವವರು ಸಾಮಾನ್ಯವಾಗಿ "ಎಷ್ಟು ಚೂಪು?" ಅಂತ ಕೇಳುತ್ತಾರೆ. ನನ್ನ ಪ್ರಕಾರ ಮೊದಲು ಕೇಳಬೇಕಾದ್ದು "ಎಲ್ಲಿ ಎಡವುತ್ತೆ?" ಅಂತ. ಮೂಲೆ ಮಸುಕಾಗುತ್ತಾ, ಬಿಸಿಲಿಗೆ ಬೆಳ್ಳಗಾಗುತ್ತಾ, ಫೋಕಸ್ ಜಾರುತ್ತಾ, ಹಿನ್ನೆಲೆ ಸುತ್ತುತ್ತಾ? ನೀವು ದುಡ್ಡು ಕೊಡುತ್ತಿರುವುದೇ ಆ ಎಡವಟ್ಟಿಗೆ. ಅದು ನಿಮಗೆ ಇಷ್ಟವಾದರೆ ಲೆನ್ಸ್ ಕ್ಯಾಮೆರಾದ ಮೇಲಿರುತ್ತದೆ, ಇಲ್ಲದಿದ್ದರೆ ಎರಡು ವಾರದಲ್ಲಿ ಡ್ರಾಯರ್ ಸೇರುತ್ತದೆ.

ಹೆಜ್ಜೆ 1: ಮೊದಲು ವಿನ್ಯಾಸ ಆರಿಸಿ, ಎಫ್ ಸಂಖ್ಯೆ ಆಮೇಲೆ

ಹೆಸರುಗಳು ನೂರಾರಿದ್ದರೂ ಹಿಂದಿರುವ ವಿನ್ಯಾಸಗಳು ಬೆರಳೆಣಿಕೆಯಷ್ಟೇ. ತಯಾರಕರು ಗಾಜಿನ ಜೋಡಣೆಯ ಅಡ್ಡಸೀಳು ಚಿತ್ರವನ್ನು ಸಾಮಾನ್ಯವಾಗಿ ಕೊಟ್ಟಿರುತ್ತಾರೆ. ಅದನ್ನು ನೋಡಿ ಯಾವ ಮನೆತನದ್ದು ಅಂತ ಗುರುತಿಸೋದು ಕಲಿತರೆ ಅರ್ಧ ಕೆಲಸ ಮುಗಿದ ಹಾಗೆ.

ಟ್ರಿಪ್ಲೆಟ್‌ನಲ್ಲಿ ಮೂರೇ ಗಾಜು. ಆಚೀಚೆ ಎರಡು ಉಬ್ಬು ಗಾಜು, ನಡುವೆ ಒಂದು ತಗ್ಗು ಗಾಜು. ಇಂಗ್ಲೆಂಡಿನ ಯಾರ್ಕ್‌ನ ಟಿ. ಕುಕ್ ಅಂಡ್ ಸನ್ಸ್ ಕಂಪನಿಯಲ್ಲಿದ್ದ ಡೆನ್ನಿಸ್ ಟೇಲರ್ 1893ರಲ್ಲಿ ಇದಕ್ಕೆ ಪೇಟೆಂಟ್ ಮಾಡಿಸಿದರು. ಕಮ್ಮಿ ಗಾಜಿನಲ್ಲಿ ಜಾಸ್ತಿ ಕೆಲಸ ಮಾಡಿಸುವ ವಿನ್ಯಾಸ ಇದು, ಹಾಗಾಗಿಯೇ ಲೆನ್ಸ್ ಇಷ್ಟು ಚಿಕ್ಕದಾಗಿರಲು ಸಾಧ್ಯ. ಪೆರಾರ್ 35 ಇದೇ ಮನೆತನದ್ದು. ನಡುಭಾಗ ಗಟ್ಟಿಯಾಗಿ ಚೂಪು, ಅಂಚಿಗೆ ಹೋದಂತೆ ಮೆತ್ತಗಾಗುತ್ತದೆ. ಕೆಲವು ಟ್ರಿಪ್ಲೆಟ್‌ಗಳಲ್ಲಿ ಹಿನ್ನೆಲೆಯ ದೀಪಗಳು ಅಂಚು ಮಿನುಗುವ ಸೋಪಿನ ಗುಳ್ಳೆಗಳಾಗಿ ಬರುತ್ತವೆ. ಹಳೆಯ ಜರ್ಮನ್ ಟ್ರಯೋಪ್ಲಾನ್ 100 ಎಂಎಂ ಎಫ್ 2.8ಕ್ಕೆ ಜನ ಮುಗಿಬೀಳುವುದು ಈ ಗುಳ್ಳೆಗಳಿಗಾಗಿಯೇ.

ಟೆಸ್ಸಾರ್ ಅಂದರೆ ಟ್ರಿಪ್ಲೆಟ್‌ನಂಥ ಜೋಡಣೆಯಲ್ಲೇ ಹಿಂದಿನ ಗಾಜಿನ ಜಾಗದಲ್ಲಿ ಎರಡು ಗಾಜುಗಳ ಅಂಟಿಸಿದ ಜೋಡಿ. ಜರ್ಮನಿಯ ಝೈಸ್ ಕಂಪನಿಯ ಪಾಲ್ ರುಡಾಲ್ಫ್ 1902ರಲ್ಲಿ ಮಾಡಿದ್ದು. ಶಾಂತ ಸ್ವಭಾವ, ಒಳ್ಳೆಯ ಕಾಂಟ್ರಾಸ್ಟ್ (ಕಪ್ಪಿಗೂ ಬಿಳಿಗೂ ಎದ್ದು ಕಾಣುವ ವ್ಯತ್ಯಾಸ). ಎಡವಟ್ಟು ಕಮ್ಮಿ, ಅದಕ್ಕೇ ಸ್ವಲ್ಪ ಸಪ್ಪೆ ಅನ್ನಿಸಬಹುದು. ಬೀದಿಯಲ್ಲಿ ದಿನವಿಡೀ ತಿರುಗುವವರಿಗೆ ಮಾತ್ರ ಇದಕ್ಕಿಂತ ಒಳ್ಳೆಯ ಜೊತೆ ಇಲ್ಲ.

ಸೊನ್ನಾರ್ ನನಗೆ ತುಂಬಾ ಇಷ್ಟವಾದದ್ದು, ತಲೆನೋವು ಕೊಡೋದೂ ಅದೇ. ಲುಡ್ವಿಗ್ ಬರ್ಟೆಲೆ ಇದನ್ನು ಝೈಸ್‌ನ ಕಾಂಟ್ಯಾಕ್ಸ್ ಕ್ಯಾಮೆರಾಕ್ಕಾಗಿ ರೂಪಿಸಿದರು, ಆ ಕ್ಯಾಮೆರಾ ಬಂದದ್ದು 1932ರಲ್ಲಿ. 50 ಎಂಎಂ ಎಫ್ 1.5 ಸೊನ್ನಾರ್‌ನಲ್ಲಿ ಏಳು ಗಾಜುಗಳಿವೆ, ಆದರೆ ಅಂಟಿಸಿ ಮೂರೇ ಗುಂಪು ಮಾಡಿದ್ದಾರೆ. ಯಾಕೆ ಅಂದರೆ, ಕೋಟಿಂಗ್ ಇಲ್ಲದ ಗಾಜಿನ ಪ್ರತಿ ಮೇಲ್ಮೈ ಸುಮಾರು ನೂರಕ್ಕೆ 4ರಷ್ಟು ಬೆಳಕನ್ನು ವಾಪಸ್ ಎಸೆಯುತ್ತದೆ. ಆ ಬೆಳಕು ಒಳಗೇ ಪುಟಿದು ಚಿತ್ರದ ಮೇಲೆ ಮಂಜು ಕವಿಸುತ್ತದೆ. ಮೂರು ಗುಂಪು ಅಂದರೆ ಗಾಳಿಗೆ ತಾಗುವ ಮೇಲ್ಮೈ ಆರೇ ಆರು. ಝೈಸ್‌ನ ಅಲೆಕ್ಸಾಂಡರ್ ಸ್ಮಾಕುಲಾ ಪ್ರತಿಫಲನ ತಡೆಯುವ ಕೋಟಿಂಗ್ ಕಂಡುಹಿಡಿದದ್ದು 1935ರಲ್ಲಿ, ಅಲ್ಲಿಯವರೆಗೆ ಇದು ದೊಡ್ಡ ಲಾಭ. ಪೂರ್ತಿ ತೆರೆದಾಗ ಮುಖದ ಮೇಲೆ ತೆಳು ಹೊಳಪು, ಹಿನ್ನೆಲೆ ನಯವಾಗಿ ಕರಗುತ್ತದೆ. ಎಡವಟ್ಟು ಏನಪ್ಪಾ ಅಂದರೆ ಫೋಕಸ್ ಜಾರುವಿಕೆ. ಅಪರ್ಚರ್ ಕಿರಿದು ಮಾಡುತ್ತಾ ಹೋದಂತೆ ಫೋಕಸ್ ತಾನಾಗಿ ಹಿಂದಕ್ಕೆ ಸರಿಯುತ್ತದೆ. ಇದರ ಮದ್ದು ಮುಂದೆ ಹೇಳುತ್ತೇನೆ.

ಡಬಲ್ ಗಾಸ್, ಅಂದರೆ ಅಪರ್ಚರ್‌ನ ಆಚೀಚೆ ಹೆಚ್ಚುಕಮ್ಮಿ ಒಂದೇ ಥರದ ಗಾಜಿನ ಗುಂಪು ಇರುವ ವಿನ್ಯಾಸ, ಇದರ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ರುಡಾಲ್ಫ್ ಅವರ 1896ರ ಪ್ಲಾನಾರ್‌ನಿಂದ ಹಿಡಿದು ಇವತ್ತಿನ ಬಹಳಷ್ಟು 50 ಎಂಎಂ ಲೆನ್ಸ್‌ಗಳು ಇದೇ ದಾರಿಯವು. ಇನ್ನು ಜೋಸೆಫ್ ಪೆಟ್ಜ್ವಾಲ್ 1840ರಲ್ಲಿ ಮಾಡಿದ ಪೋರ್ಟ್ರೇಟ್ ಲೆನ್ಸ್‌ನ ವಂಶ: ನಡುವೆ ಚೂಪು, ಸುತ್ತ ಸುಳಿ. ಮೊದಲ ಹತ್ತು ಚಿತ್ರದಲ್ಲಿ ಅಬ್ಬಾ ಅನ್ನಿಸುತ್ತದೆ, ನೂರನೆಯದರಲ್ಲಿ ಬೇಜಾರು ಬರಬಹುದು.

ದುಬಾರಿ ಕೈತಯಾರಿ ಲೆನ್ಸ್‌ಗೆ ಕೈ ಹಾಕುವ ಮುಂಚೆ ಅದೇ ಮನೆತನದ ಹಳೆಯ ಕಾರ್ಖಾನೆ ಲೆನ್ಸ್ ಒಂದನ್ನು ಬಳಸಿ ನೋಡಿ. ಸೊನ್ನಾರ್‌ಗೆ ಸೋವಿಯತ್ ಕಾಲದ ಜುಪಿಟರ್-8, ಟೆಸ್ಸಾರ್‌ಗೆ ಇಂಡಸ್ಟಾರ್-50, ಟ್ರಿಪ್ಲೆಟ್‌ಗೆ ಡೊಮಿಪ್ಲಾನ್, ಡಬಲ್ ಗಾಸ್‌ಗೆ ಹೆಲಿಯೋಸ್ 44-2. ಇವು ಲಕ್ಷಾಂತರ ಕೈ ಬದಲಾಯಿಸಿರುವ, ಸುಲಭವಾಗಿ ಸಿಗುವ ಲೆನ್ಸ್‌ಗಳು. ಒಂದು ವಿಷಯ ಗಮನದಲ್ಲಿರಲಿ: ಸೋವಿಯತ್ ಜುಪಿಟರ್‌ಗಳನ್ನು ಹೊಂದಿಸಿದ ಅಳತೆ ಜರ್ಮನಿಯ ಲೈಕಾ ಕ್ಯಾಮೆರಾದ ಅಳತೆಗಿಂತ ಸ್ವಲ್ಪ ಬೇರೆ, ಹಾಗಾಗಿ ಲೈಕಾ ರೇಂಜ್‌ಫೈಂಡರ್‌ನಲ್ಲಿ (ಲೆನ್ಸ್ ಮೂಲಕ ನೋಡದೆ, ಬೇರೆ ಕಿಟಕಿಯಲ್ಲಿ ಎರಡು ಬಿಂಬ ಕೂಡಿಸಿ ಫೋಕಸ್ ಮಾಡುವ ಕ್ಯಾಮೆರಾ) ಹತ್ತಿರದ ಫೋಕಸ್ ತಪ್ಪಬಹುದು. ಒಳಗೆ ಕನ್ನಡಿ ಇಲ್ಲದೆ ಸೆನ್ಸರ್ ಕಂಡದ್ದನ್ನೇ ತೋರಿಸುವ ಮಿರರ್‌ಲೆಸ್ ಕ್ಯಾಮೆರಾದಲ್ಲಿ ಆ ತೊಂದರೆ ಇಲ್ಲ, ಪರದೆಯಲ್ಲಿ ಕಂಡದ್ದೇ ಬರುತ್ತದೆ.

ಹೆಜ್ಜೆ 2: ಮೌಂಟ್ ಮತ್ತು ಅಡಾಪ್ಟರ್

ಮೌಂಟ್ ಅಂದರೆ ಲೆನ್ಸ್ ಕ್ಯಾಮೆರಾಕ್ಕೆ ಕೂರುವ ಜಾಗ. ಬೇರೆ ಮೌಂಟ್‌ನ ಲೆನ್ಸ್ ಕೂರಿಸಲು ನಡುವೆ ಹಾಕುವ ಉಂಗುರ ಅಡಾಪ್ಟರ್. ಈ ಲೆನ್ಸ್‌ಗಳಲ್ಲಿ ಬಹುಪಾಲು ಲೈಕಾ ಎಂ ಮೌಂಟ್‌ಗೆ, ಇಲ್ಲವೇ ಹಳೆಯ 39 ಎಂಎಂ ಸ್ಕ್ರೂ ಮೌಂಟ್‌ಗೆ ಮಾಡಿರುತ್ತಾರೆ. ಎಂ ಮೌಂಟ್ 1954ರಲ್ಲಿ ಎಂ3 ಕ್ಯಾಮೆರಾ ಜೊತೆ ಬಂತು. ಅದರಲ್ಲಿ ಮೌಂಟ್‌ನಿಂದ ಫಿಲ್ಮ್‌ವರೆಗಿನ ದೂರ 27.8 ಎಂಎಂ. ಸ್ಕ್ರೂ ಮೌಂಟ್‌ನಲ್ಲಿ 28.8. ಸರಿಯಾಗಿ 1 ಎಂಎಂ ವ್ಯತ್ಯಾಸ, ಹಾಗಾಗಿ ಸ್ಕ್ರೂ ಲೆನ್ಸ್‌ಗೆ 1 ಎಂಎಂ ದಪ್ಪದ ಉಂಗುರ ಹಾಕಿದರೆ ಎಂ ಕ್ಯಾಮೆರಾದಲ್ಲಿ ಕೂರುತ್ತದೆ. ತಿರುಗಾಮುರುಗಾ ಆಗಲ್ಲ, ಎಂ ಲೆನ್ಸ್ ಸ್ಕ್ರೂ ಕ್ಯಾಮೆರಾಕ್ಕೆ ಹೋಗಲ್ಲ.

ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಈ ದೂರ ಇನ್ನೂ ಕಮ್ಮಿ. ಸೋನಿ ಇ ಮೌಂಟ್ 18, ನಿಕಾನ್ ಝಡ್ 16, ಫ್ಯೂಜಿ ಎಕ್ಸ್ 17.7, ಕೆನಾನ್ ಆರ್‌ಎಫ್ ಮತ್ತು ಎಲ್ ಮೌಂಟ್ 20. ಉಳಿದ ದೂರವನ್ನು ಅಡಾಪ್ಟರ್ ತುಂಬುತ್ತದೆ. ಸೋನಿಗೆ 9.8 ಎಂಎಂ, ನಿಕಾನ್ ಝಡ್‌ಗೆ 11.8.

ಅಡಾಪ್ಟರ್ ಮಾಡುವವರಲ್ಲಿ ಬಹಳ ಮಂದಿ ಬೇಕೆಂದೇ ಕೂದಲೆಳೆಯಷ್ಟು ತೆಳ್ಳಗೆ ಮಾಡುತ್ತಾರೆ, ಅನಂತ, ಅಂದರೆ ತೀರಾ ದೂರದ ಫೋಕಸ್, ಸಿಗಲಿಲ್ಲ ಅಂತ ಗಿರಾಕಿ ವಾಪಸ್ ತರಬಾರದು ನೋಡಿ. ಪರದೆ ನೋಡಿ ಫೋಕಸ್ ಮಾಡುವವರಿಗೆ ಇದರಿಂದ ಏನೂ ಆಗಲ್ಲ. ಲೆನ್ಸ್ ಮೇಲಿನ ಅಂಕಿ ನೋಡಿ ಫೋಕಸ್ ಮಾಡುವವರಿಗೆ ಆಗುತ್ತದೆ. ಅಡಾಪ್ಟರ್ 0.1 ಎಂಎಂ ತೆಳ್ಳಗಿದ್ದರೆ 35 ಎಂಎಂ ಲೆನ್ಸ್‌ನಲ್ಲಿ ನಿಜವಾದ ಅನಂತ 12 ಮೀಟರ್ ಗುರುತಿನ ಹತ್ತಿರ ಬಂದು ಕೂರುತ್ತದೆ, 3 ಮೀಟರ್ ಅಂತ ಇಟ್ಟರೆ ಫೋಕಸ್ 4 ಮೀಟರ್ ಹತ್ತಿರ ಬೀಳುತ್ತದೆ. ಆದ್ದರಿಂದ ಅಡಾಪ್ಟರ್‌ನಲ್ಲಿ ಉಳಿತಾಯ ಮಾಡಲು ಹೋಗಬೇಡಿ, ಒಂದೇ ಒಂದು ಒಳ್ಳೆಯದನ್ನು ತಗೊಂಡು ಅದನ್ನೇ ಎಲ್ಲ ಲೆನ್ಸ್‌ಗೂ ಬಳಸಿ.

ಎಂ ಲೆನ್ಸ್‌ಗಳು ಸಾಮಾನ್ಯವಾಗಿ 0.7 ಮೀಟರ್ ಅಥವಾ 1 ಮೀಟರ್‌ಗಿಂತ ಹತ್ತಿರ ಫೋಕಸ್ ಆಗಲ್ಲ. ಒಳಗೆ ಹೆಲಿಕಾಯ್ಡ್ (ತಿರುಗಿಸಿದರೆ ಹಿಂದೆ ಮುಂದೆ ಸರಿಯುವ ಸ್ಕ್ರೂ ಕೊಳವೆ) ಇರುವ ಅಡಾಪ್ಟರ್ ಹಾಕಿದರೆ ಲೆನ್ಸ್ ಇನ್ನೂ ಕೆಲವು ಎಂಎಂ ಮುಂದೆ ಬರುತ್ತದೆ, ಹೂವು, ಕೈ, ಕಪ್ಪಿನ ಅಂಚು ಎಲ್ಲ ಹತ್ತಿರದಿಂದ ಸಿಗುತ್ತದೆ. ಟ್ರಿಪ್ಲೆಟ್‌ಗೆ ಇದು ತುಂಬಾ ಒಪ್ಪುತ್ತದೆ.

ವೈಡ್, ಅಂದರೆ ಅಗಲ ನೋಟದ, ಲೆನ್ಸ್ ಆದರೆ ಒಂದು ಎಚ್ಚರಿಕೆ. ಲೈಕಾ ಬಿಟ್ಟು ಬೇರೆ ಬಹುಪಾಲು ಮಿರರ್‌ಲೆಸ್ ಕ್ಯಾಮೆರಾಗಳ ಸೆನ್ಸರ್ ಮುಂದೆ ದಪ್ಪ ಗಾಜಿನ ಪದರ ಇರುತ್ತದೆ. ಹಿಂದಿನ ಗಾಜು ಸೆನ್ಸರ್‌ಗೆ ತೀರಾ ಹತ್ತಿರ ಇರುವ ಲೆನ್ಸ್‌ನಲ್ಲಿ ಅಂಚಿನ ಬೆಳಕು ಓರೆಯಾಗಿ ಬಂದು ಆ ಪದರದಲ್ಲಿ ಕೆಡುತ್ತದೆ, ಮೂಲೆಗಳು ಎಳೆದ ಹಾಗೆ ಕಾಣುತ್ತವೆ, ಕೆಲವೊಮ್ಮೆ ನೇರಳೆ ಬಣ್ಣಕ್ಕೂ ತಿರುಗುತ್ತವೆ. 50 ಎಂಎಂ, ಅದಕ್ಕಿಂತ ಉದ್ದದ ಲೆನ್ಸ್‌ಗಳಲ್ಲಿ ಇದರ ಕಾಟ ಬಹಳ ಕಮ್ಮಿ. 28 ಅಥವಾ ಅದಕ್ಕಿಂತ ಅಗಲದ್ದು ತಗೊಳ್ಳುವುದಿದ್ದರೆ ನಿಮ್ಮದೇ ಕ್ಯಾಮೆರಾದಲ್ಲಿ ತೆಗೆದ ಚಿತ್ರ ನೋಡದೆ ದುಡ್ಡು ಕೊಡಬೇಡಿ. ಫಿಲ್ಮ್ ಬಳಸುವವರಿಗೆ ಈ ಚಿಂತೆಯೇ ಇಲ್ಲ.

ಹೆಜ್ಜೆ 3: ಕೊಳ್ಳುವ ಮುಂಚೆ ಮಾರುವವರನ್ನು ಕೇಳಬೇಕಾದ್ದು

ಇವು ಸಣ್ಣ ಕಂತುಗಳಲ್ಲಿ ತಯಾರಾಗುತ್ತವೆ. ಕಂತು ಮುಗಿದರೆ ಸೆಕೆಂಡ್ ಹ್ಯಾಂಡ್ ಮಾತ್ರ ಗತಿ. ಒಂದೇ ಮಾದರಿಯ ಎರಡು ಲೆನ್ಸ್ ಅಕ್ಕಪಕ್ಕ ಇಟ್ಟರೂ ಸ್ವಲ್ಪ ವ್ಯತ್ಯಾಸ ಇರುತ್ತದೆ, ಹಾಗಾಗಿ ಬೇರೆಯವರ ಚಿತ್ರ ನೋಡಿ ಮರುಳಾಗದೆ, ನೀವು ಕೊಳ್ಳಲಿರುವ ಅದೇ ಲೆನ್ಸ್‌ನಿಂದ ತೆಗೆದ ಚಿತ್ರ ಕೇಳಿ. ಪೂರ್ತಿ ತೆರೆದು ಹತ್ತಿರದ್ದೊಂದು, ದೂರದ್ದೊಂದು, ಬೆಳಕಿಗೆ ಎದುರಾಗಿ ಒಂದು. ಮೂರು ಸಾಕು.

ಲೆನ್ಸ್ ಒಳಗೆ ಟಾರ್ಚ್ ಬಿಟ್ಟು ತೆಗೆದ ಫೋಟೋ ಬೇಕೇ ಬೇಕು. ಹಿಂದಿನಿಂದ ಓರೆಯಾಗಿ ಟಾರ್ಚ್ ಬಿಟ್ಟಾಗ ಮಂಜಿನಂಥ ತೆಳು ಪದರ, ಬೂಷ್ಟಿನ ಎಳೆಗಳು, ಅಂಟು ಬಿಟ್ಟ ಅಂಚು ಎಲ್ಲ ಎದ್ದು ಕಾಣುತ್ತವೆ. ನಾಲ್ಕೈದು ಧೂಳಿನ ಚುಕ್ಕಿಗೆ ತಲೆ ಕೆಡಿಸಿಕೊಳ್ಳಬೇಡಿ, ಚಿತ್ರದಲ್ಲಿ ಅದು ಕಾಣಲ್ಲ. ಮುಂದಿನ ಗಾಜಿನ ಸಣ್ಣ ಗೀರೂ ನಡೆಯುತ್ತದೆ. ಹಿಂದಿನ ಗಾಜಿನ ಗೀರು ಮತ್ತು ಒಳಗಿನ ಮಂಜು ಮಾತ್ರ ನಡೆಯಲ್ಲ, ಮೊದಲೇ ಮೆತ್ತಗಿರುವ ಲೆನ್ಸ್ ಮಂಜು ಹಿಡಿದರೆ ಸಾರಿಗೆ ನೀರು ಬೆರೆಸಿದಂತೆ.

ಉಂಗುರ ತಿರುಗಿಸುವ ವಿಡಿಯೋ ಕೇಳಿ. ಫೋಕಸ್ ಒಂದೇ ಸಮ ತಿರುಗಬೇಕು, ದಿಕ್ಕು ಬದಲಿಸಿದಾಗ ಅಲುಗಾಡಬಾರದು. ಅಪರ್ಚರ್‌ನ ಎಲೆಗಳ ಮೇಲೆ ಎಣ್ಣೆ ಇರಬಾರದು. ಇವುಗಳಲ್ಲಿ ಹಲವಕ್ಕೆ ಅಪರ್ಚರ್ ಕ್ಲಿಕ್ ಆಗಲ್ಲ, ಸುಮ್ನೆ ಜಾರುತ್ತದೆ, ಅದು ದೋಷ ಅಲ್ಲ.

ರೇಂಜ್‌ಫೈಂಡರ್ ಕ್ಯಾಮೆರಾ ನಿಮ್ಮದಾದರೆ ಲೆನ್ಸ್‌ಗೆ ರೇಂಜ್‌ಫೈಂಡರ್ ಜೋಡಣೆ ಇದೆಯಾ, ಎಷ್ಟು ಹತ್ತಿರದವರೆಗೆ ಕೆಲಸ ಮಾಡುತ್ತೆ ಅಂತ ಕೇಳಿ. ಜೋಡಣೆಯೇ ಇಲ್ಲದ ಲೆನ್ಸ್‌ಗಳೂ ಇವೆ.

ಹುಡ್ (ಓರೆ ಬೆಳಕು ತಡೆಯುವ ಮರೆ), ಮುಚ್ಚಳ, ತಯಾರಕರ ಕಾಗದ ಎಲ್ಲವೂ ಇದೆಯಾ ನೋಡಿ. ಇಂಥ ಲೆನ್ಸ್‌ನ ಫಿಲ್ಟರ್ ಅಳತೆ ವಿಚಿತ್ರವಾಗಿರುತ್ತದೆ, ಬೇರೆ ಹುಡ್ ಹುಡುಕಿದರೂ ಸಿಗಲ್ಲ. ಇನ್ನು ಕಪ್ಪು ಬಣ್ಣಕ್ಕೆ, ವಿಶೇಷ ಕಂತಿಗೆ ಜಾಸ್ತಿ ದುಡ್ಡು ಕೇಳುತ್ತಾರೆ. ಗಾಜು ಅದೇ. ಚಿತ್ರಕ್ಕಾಗಿ ಕೊಳ್ಳುವವರು ತೀರಾ ಸಾಮಾನ್ಯ ಬೆಳ್ಳಿ ಬಣ್ಣದ್ದು ತಗೊಂಡು, ಉಳಿದ ದುಡ್ಡಲ್ಲಿ ಅಡಾಪ್ಟರೋ ಫಿಲ್ಮೋ ತರಬಹುದು.

ಹೆಜ್ಜೆ 4: ಕೈಗೆ ಬಂದ ದಿನದ ಪರೀಕ್ಷೆ

ಲೆನ್ಸ್ ಬಂದ ಕೂಡಲೇ ಹೊರಗೆ ಓಡಬೇಕು ಅನ್ನಿಸುತ್ತದೆ, ಅಲ್ವಾ? ಒಂದು ಗಂಟೆ ತಡೆಯಿರಿ. ವಾಪಸ್ ಕಳಿಸುವ ಅವಕಾಶ ಇರುವಾಗಲೇ ಇದನ್ನು ಮುಗಿಸಬೇಕು.

ಮೊದಲು ಅನಂತ. ದೂರದ ಗೋಪುರವೋ ಚಂದ್ರನೋ ಯಾವುದಾದರೂ ಆಗಬಹುದು. ಉಂಗುರವನ್ನು ಕೊನೆಯವರೆಗೆ ತಿರುಗಿಸಿ, ಅಪರ್ಚರ್ ಪೂರ್ತಿ ತೆರೆದು ಒಂದು ಚಿತ್ರ ತೆಗೆಯಿರಿ. ಅಪರ್ಚರ್ ಕಿರಿದು ಮಾಡಿದರೆ ತಪ್ಪೆಲ್ಲ ಮುಚ್ಚಿಹೋಗುತ್ತದೆ, ಅದಕ್ಕೇ ಪೂರ್ತಿ ತೆರೆಯೋದು. ಅನಂತ ಸಿಗಲೇ ಇಲ್ಲ ಅಂದರೆ ಬೇರೆ ಅಡಾಪ್ಟರ್ ಹಾಕಿ ನೋಡಿ, ಆಗಲೂ ಇಲ್ಲದಿದ್ದರೆ ತೊಂದರೆ ಲೆನ್ಸ್‌ನದು.

ಆಮೇಲೆ ಅಳತೆ ಟೇಪಿನ ಪರೀಕ್ಷೆ. ಸೊನ್ನಾರ್ ಮನೆತನದ ಯಾವುದೇ ಲೆನ್ಸ್‌ಗೆ ಇದನ್ನು ತಪ್ಪಿಸಬೇಡಿ. ಮೇಜಿನ ಮೇಲೆ ಟೇಪ್ ಉದ್ದಕ್ಕೆ ಚಾಚಿ, ಒಂದು ಮೀಟರ್ ದೂರದಲ್ಲಿ ಟ್ರೈಪಾಡ್ ಮೇಲೆ ಕ್ಯಾಮೆರಾ ಇಟ್ಟು, ಸುಮಾರು 45 ಡಿಗ್ರಿ ಓರೆಯಾಗಿ ಕೆಳಗೆ ನೋಡುವ ಹಾಗೆ ಹೊಂದಿಸಿ. ಪೂರ್ತಿ ತೆರೆದ ಅಪರ್ಚರ್‌ನಲ್ಲಿ ಟೇಪಿನ 50 ಸೆಂ.ಮೀ. ಗೆರೆಗೆ ಫೋಕಸ್ ಮಾಡಿ. ಇನ್ನು ಫೋಕಸ್ ಉಂಗುರ ಮುಟ್ಟಬೇಡಿ. ಅದೇ ಜಾಗದಿಂದ ಎಫ್ 2, 2.8, 4, 5.6 ಹೀಗೆ ಒಂದೊಂದು ಚಿತ್ರ ತೆಗೆಯಿರಿ. ಕಂಪ್ಯೂಟರ್‌ನಲ್ಲಿ ದೊಡ್ಡದು ಮಾಡಿ ನೋಡಿದರೆ ಚೂಪಾದ ಜಾಗ 50ರಿಂದ 51ಕ್ಕೋ 52ಕ್ಕೋ ಮೆಲ್ಲಗೆ ಹಿಂದಕ್ಕೆ ನಡೆದಿರುವುದು ಕಣ್ಣಿಗೆ ಕಾಣುತ್ತದೆ. ಗಾಜಿನ ನಡುವಿನಿಂದ ಬಂದ ಕಿರಣಗಳೂ ಅಂಚಿನಿಂದ ಬಂದ ಕಿರಣಗಳೂ ಒಂದೇ ಜಾಗದಲ್ಲಿ ಕೂಡದೇ ಇರುವುದರಿಂದ ಹೀಗಾಗುತ್ತದೆ. ಅಪರ್ಚರ್ ಕಿರಿದಾದಾಗ ಅಂಚಿನ ಕಿರಣ ಹೊರಗುಳಿದು ನಡುವಿನವು ಮಾತ್ರ ಬರುತ್ತವೆ, ಅವುಗಳ ಫೋಕಸ್ ಬೇರೆ ಕಡೆ. ಇನ್ನೂ ಕಿರಿದು ಮಾಡಿದರೆ ಫೋಕಸ್‌ನ ಆಳ ಹೆಚ್ಚಿ ಈ ಜಾರುವಿಕೆಯನ್ನು ನುಂಗಿಬಿಡುತ್ತದೆ.

ರೇಂಜ್‌ಫೈಂಡರ್‌ನವರು ಇದೇ ಪರೀಕ್ಷೆಯನ್ನು ವ್ಯೂಫೈಂಡರ್‌ನಲ್ಲಿ ಫೋಕಸ್ ಮಾಡಿಯೇ ಮಾಡಬೇಕು, 1 ಮೀಟರ್‌ನಲ್ಲಿ, 2ರಲ್ಲಿ, 3ರಲ್ಲಿ. ಲೆನ್ಸ್ ಯಾವ ಅಪರ್ಚರ್‌ಗೆ ಹೊಂದಿಸಿದ್ದಾರೆ ಅನ್ನೋದು ಆಗ ಗೊತ್ತಾಗುತ್ತದೆ. ಝೈಸ್‌ನ ಸಿ ಸೊನ್ನಾರ್ 50 ಎಂಎಂ ಎಫ್ 1.5 ನೋಡಿ, ಕಾರ್ಖಾನೆಯಲ್ಲೇ ಎಫ್ 2.8ಕ್ಕೆ ಹೊಂದಿಸಿ ಕಳಿಸುತ್ತಿದ್ದರು. ಅದನ್ನು ಪೂರ್ತಿ ತೆರೆದರೆ ಫೋಕಸ್ ಸ್ವಲ್ಪ ಮುಂದೆ ಬೀಳುತ್ತದೆ. ಲೆನ್ಸ್ ಕೆಟ್ಟಿದೆ ಅಂತ ಮಾರಿಕೊಂಡವರು ಎಷ್ಟೋ ಜನ. ನಿಮ್ಮ ಲೆನ್ಸ್‌ನ ಜಾರುವಿಕೆಯನ್ನು ಒಂದು ಚೀಟಿಯಲ್ಲಿ ಬರೆದು ಕ್ಯಾಮೆರಾ ಚೀಲದಲ್ಲಿಡಿ: ಯಾವ ಅಪರ್ಚರ್‌ಗೆ ಎಷ್ಟು, ಮುಂದಕ್ಕಾ ಹಿಂದಕ್ಕಾ.

ಕೊನೆಗೆ ಗಾಜು ನೆಟ್ಟಗೆ ಕೂತಿದೆಯಾ ಅಂತ ನೋಡಬೇಕು. ಕತ್ತಲ ಕೋಣೆಯಲ್ಲಿ ದೂರದಲ್ಲೊಂದು ಸಣ್ಣ ದೀಪ ಇಟ್ಟು, ಅದನ್ನು ಫ್ರೇಮಿನ ನಾಲ್ಕೂ ಮೂಲೆಗೆ ತಂದು ಒಂದೊಂದು ಚಿತ್ರ ತೆಗೆಯಿರಿ. ದೀಪ ಮೂಲೆಯಲ್ಲಿ ಬಾಲ ಬೆಳೆಸಿಕೊಳ್ಳುತ್ತದೆ, ಅದು ಈ ವಿನ್ಯಾಸಗಳ ಹುಟ್ಟುಗುಣ. ನಾಲ್ಕೂ ಮೂಲೆಯ ಬಾಲ ಹೆಚ್ಚುಕಮ್ಮಿ ಒಂದೇ ಥರ ಇರಬೇಕು ಅಷ್ಟೇ. ಒಂದು ಕಡೆ ಮಾತ್ರ ಉದ್ದ, ಇನ್ನೊಂದು ಕಡೆ ಇಲ್ಲವೇ ಇಲ್ಲ ಅಂದರೆ ಗಾಜು ಓರೆ ಕೂತಿದೆ, ವಾಪಸ್ ಕಳಿಸಿ.

ಹೆಜ್ಜೆ 5: ಕ್ಯಾಮೆರಾದಲ್ಲಿ ಬದಲಿಸಬೇಕಾದ್ದು

ಇದು ಐದು ನಿಮಿಷದ ಕೆಲಸ. ಲೆನ್ಸ್‌ಗೂ ಕ್ಯಾಮೆರಾಕ್ಕೂ ಮಾತುಕತೆ ಇಲ್ಲದ ಕಾರಣ "ಲೆನ್ಸ್ ಇಲ್ಲದೆ ಶಟರ್" ಅನ್ನುವ ಆಯ್ಕೆಯನ್ನು ಆನ್ ಮಾಡಿ. ಕ್ಯಾಮೆರಾದೊಳಗೆ ನಡುಕ ತಡೆಯುವ ವ್ಯವಸ್ಥೆ ಇದ್ದರೆ ಲೆನ್ಸ್ ಎಷ್ಟು ಎಂಎಂ ಅಂತ ಕೈಯಲ್ಲೇ ತುಂಬಿ. ಲೆನ್ಸ್ ಬದಲಿಸಿದಾಗಲೆಲ್ಲ ಬದಲಿಸಿ, ಇಲ್ಲದಿದ್ದರೆ ನಡುಕ ಕಮ್ಮಿಯಾಗುವ ಬದಲು ಜಾಸ್ತಿಯಾಗಬಹುದು. ಆಟೋ ಐಎಸ್‌ಒ (ಬೆಳಕಿಗೆ ತಕ್ಕಂತೆ ಸೆನ್ಸರ್‌ನ ಸೂಕ್ಷ್ಮತೆಯನ್ನು ಕ್ಯಾಮೆರಾವೇ ಬದಲಿಸೋದು) ಬಳಸುವುದಾದರೆ ಕನಿಷ್ಠ ಶಟರ್ ವೇಗ 1/125 ಅಂತ ನೀವೇ ಹೇಳಿ. ಪರದೆ ದೊಡ್ಡದು ಮಾಡುವ ಕೆಲಸವನ್ನು ಹೆಬ್ಬೆರಳಿಗೆ ಸಿಗುವ ಬಟನ್‌ಗೆ ಕೊಡಿ.

ಅಂಚಿಗೆ ಬಣ್ಣ ಹಚ್ಚಿ ತೋರಿಸುವ ಫೋಕಸ್ ಪೀಕಿಂಗ್ ಅನ್ನು ನಾನು ಆಫ್ ಮಾಡಿಡುತ್ತೇನೆ. ಪೂರ್ತಿ ತೆರೆದಾಗ ಕಾಂಟ್ರಾಸ್ಟ್ ಕಮ್ಮಿ ಇರುವ ಲೆನ್ಸ್‌ನಲ್ಲಿ ಅದು ಸುಳ್ಳು ಹೇಳುತ್ತದೆ. ಮೂಗಿನಿಂದ ಕಿವಿವರೆಗೆ ಕೆಂಪು ಬಳಿದು ಎಲ್ಲವೂ ಫೋಕಸ್‌ನಲ್ಲಿದೆ ಅನ್ನುತ್ತದೆ. ದೊಡ್ಡದು ಮಾಡಿ ರೆಪ್ಪೆ ನೋಡಿ ಫೋಕಸ್ ಮಾಡೋದೇ ನಂಬಿಕೆಯ ದಾರಿ.

ಹೆಜ್ಜೆ 6: ಚಿತ್ರ ತೆಗೆಯೋದು

ಮೊದಲ ಕೆಲವು ವಾರ ಒಂದು ಲೆನ್ಸ್, ಎರಡೇ ಅಪರ್ಚರ್. ಪೂರ್ತಿ ತೆರೆದದ್ದು ಒಂದು, ಎಫ್ 8 ಇನ್ನೊಂದು. ನಡುವಿನವು ಆಮೇಲೆ. ಇವೆರಡರಲ್ಲಿ ಲೆನ್ಸ್ ಎರಡು ಬೇರೆ ಲೆನ್ಸ್‌ಗಳಂತೆ ನಡೆದುಕೊಳ್ಳುತ್ತದೆ, ಎರಡನ್ನೂ ಬೇರೆ ಬೇರೆಯಾಗಿ ಕಲಿಯಬೇಕು.

ಎಫ್ 8ರಿಂದ ಶುರು ಮಾಡೋಣ, ಅದು ಸುಲಭ. 35 ಎಂಎಂ ಲೆನ್ಸ್ ಅನ್ನು ಎಫ್ 8ಕ್ಕೆ ಇಟ್ಟು, ಫೋಕಸ್ 5 ಮೀಟರ್‌ಗಿಂತ ಒಂಚೂರು ಮುಂದಕ್ಕೆ ಇಟ್ಟರೆ ಸುಮಾರು 2.6 ಮೀಟರ್‌ನಿಂದ ಅನಂತದವರೆಗೆ ಚೂಪು ಅಂತ ಲೆಕ್ಕ. ಬೀದಿಯಲ್ಲಿ ಜನರ ಹತ್ತಿರ ಇರುತ್ತೀರಿ ಅಂದರೆ 3 ಮೀಟರ್‌ಗೆ ಇಡಿ, 1.9ರಿಂದ 7.2 ಮೀಟರ್‌ವರೆಗೆ ಸಿಗುತ್ತದೆ. ಫೋಕಸ್ ಉಂಗುರ ಮುಟ್ಟೋದೇ ಬೇಡ, ಕ್ಯಾಮೆರಾ ಎತ್ತಿ ಒತ್ತೋದಷ್ಟೇ. ಪೆರಾರ್‌ನಂಥ ಚಪ್ಪಟೆ ಲೆನ್ಸ್‌ನ ನಿಜವಾದ ಸುಖ ಇಲ್ಲಿದೆ: ಕ್ಯಾಮೆರಾ ಕೋಟಿನ ಜೇಬಿಗೆ ಹೋಗುತ್ತದೆ, ಎದುರಿಗಿರುವವರು ಅದನ್ನು ಲೆಕ್ಕಕ್ಕೇ ತಗೊಳ್ಳಲ್ಲ. ಆದರೆ ಈ ಲೆಕ್ಕ ಹಳೆಯ ಫಿಲ್ಮ್ ಕಾಲದ 0.03 ಎಂಎಂ ಅಳತೆಯದ್ದು, ಅಂದರೆ ಫಿಲ್ಮ್ ಮೇಲೆ ಚುಕ್ಕಿ ಅಷ್ಟು ಹರಡಿದರೂ ಚೂಪು ಅಂತಲೇ ಲೆಕ್ಕ. ಇವತ್ತಿನ ಸೆನ್ಸರ್‌ನ ಚಿತ್ರವನ್ನು ಪೂರ್ತಿ ದೊಡ್ಡದು ಮಾಡಿ ನೋಡುವ ಚಟ ಇದ್ದರೆ ಈ ಅಂಕಿಗಳು ಉದಾರ ಅನ್ನಿಸುತ್ತವೆ, ಆಗ ಒಂದು ಸ್ಟಾಪ್ ಬಿಗಿಮಾಡಿ, ಅಂದರೆ ಲೆಕ್ಕ ಎಫ್ 8ರದ್ದು, ಅಪರ್ಚರ್ ಎಫ್ 11.

ಕೆಲವು ಪುಟ್ಟ ಲೆನ್ಸ್‌ಗಳಲ್ಲಿ ಅಪರ್ಚರ್ ಉಂಗುರ ಮುಂಭಾಗದ ಅಂಚಿನಲ್ಲೇ ಇರುತ್ತದೆ. ಕ್ಯಾಮೆರಾ ಕಣ್ಣಿಗಿಟ್ಟುಕೊಂಡು ಅದನ್ನು ಬದಲಿಸಲು ಹೋದರೆ ಬೆರಳಿನ ಗುರುತು ಗಾಜಿನ ಮೇಲೆ ಬೀಳುತ್ತದೆ, ಫೋಕಸ್ಸೂ ಅಲುಗುತ್ತದೆ. ಮೊದಲು ಅಪರ್ಚರ್ ಇಟ್ಟು ಆಮೇಲೆ ಎತ್ತುವುದನ್ನು ಅಭ್ಯಾಸ ಮಾಡಿಕೊಳ್ಳಿ.

ಈಗ ಪೂರ್ತಿ ತೆರೆದ ಸೊನ್ನಾರ್. ಸೊನ್ನೆಟಾರ್ 50 ಎಂಎಂ ಎಫ್ 1.1 ತಗೊಳ್ಳಿ, ಒಂದು ಮೀಟರ್ ದೂರದಲ್ಲಿ ಚೂಪಾಗಿರುವ ಜಾಗ ಒಟ್ಟು ಎರಡೂವರೆ ಸೆಂಟಿಮೀಟರ್. ರೆಪ್ಪೆ ಸಿಕ್ಕರೆ ಕಿವಿ ಹೋಯಿತು. ಇಬ್ಬರಲ್ಲಿ ಯಾರಾದರೂ ಜೋರಾಗಿ ಉಸಿರಾಡಿದರೂ ಫೋಕಸ್ ತಪ್ಪುತ್ತದೆ. ಹಾಗಾಗಿ ಉಂಗುರ ತಿರುಗಿಸಿ ತಿರುಗಿಸಿ ಬೇಟೆಯಾಡುವುದು ಬಿಡಿ. ಹತ್ತಿರದ ಕಣ್ಣಿಗೆ ಫೋಕಸ್ ಮಾಡಿ, ಉಂಗುರ ಅಲ್ಲೇ ಬಿಟ್ಟು, ಮೈಯನ್ನು ಒಂದಿಷ್ಟೇ ಮುಂದಕ್ಕೆ ವಾಲಿಸುತ್ತಾ ಮೂರು ನಾಲ್ಕು ಚಿತ್ರ ತೆಗೆಯಿರಿ. ಒಂದರಲ್ಲಿ ಸರಿಯಾಗಿ ಬೀಳುತ್ತದೆ. ರೇಂಜ್‌ಫೈಂಡರ್‌ನವರಿಗೆ ಚೀಟಿಯ ಲೆಕ್ಕ ಉಪಯೋಗಕ್ಕೆ ಬರುವುದೂ ಇಲ್ಲೇ: ನಿಮ್ಮ ಲೆನ್ಸ್ ಆ ಅಪರ್ಚರ್‌ನಲ್ಲಿ 2 ಸೆಂ.ಮೀ. ಮುಂದೆ ಫೋಕಸ್ ಮಾಡುತ್ತದೆ ಅಂದರೆ, ಕಣ್ಣಿಗೆ ಫೋಕಸ್ ಮಾಡಿ, 2 ಸೆಂ.ಮೀ. ಮುಂದೆ ವಾಲಿ ಒತ್ತಿ. ಕೇಳಲು ತಮಾಷೆ, ಕೈಗೆ ಕೂತರೆ ಯೋಚನೆಯೇ ಬೇಕಿಲ್ಲ. ಮಿರರ್‌ಲೆಸ್‌ನವರು ಚಿತ್ರ ತೆಗೆಯುವ ಅಪರ್ಚರ್‌ನಲ್ಲೇ ಫೋಕಸ್ ಮಾಡಿದರೆ ಸಾಕು. ತೆರೆದು ಫೋಕಸ್ ಮಾಡಿ ಆಮೇಲೆ ಕಿರಿದು ಮಾಡುವ ಹಳೆಯ ಅಭ್ಯಾಸ ಈ ಲೆನ್ಸ್‌ಗಳಿಗೆ ಒಗ್ಗಲ್ಲ.

ಬೆಳಕಿನ ಆಯ್ಕೆ ಇನ್ನೂ ಮುಖ್ಯ. ಮೋಡದ ದಿನ, ಕಿಟಕಿಯ ಪಕ್ಕದ ಬೆಳಕು, ಸಂಜೆಯ ಓರೆ ಬಿಸಿಲು ಇವೆಲ್ಲ ಈ ಲೆನ್ಸ್‌ಗಳ ಮೆತ್ತಗಿನ ಕಾಂಟ್ರಾಸ್ಟ್‌ಗೆ ಹೊಂದುತ್ತವೆ. ನೆತ್ತಿಯ ಮೇಲಿನ ಬಿಸಿಲಲ್ಲೂ ಒಂದು ಲಾಭ ಇದೆ, ನೆರಳುಗಳು ಪೂರ್ತಿ ಕಪ್ಪಾಗದೆ ವಿವರ ಉಳಿಸಿಕೊಳ್ಳುತ್ತವೆ. ಕಪ್ಪು ಬಿಳುಪು ಫಿಲ್ಮ್‌ನಲ್ಲಿ ಇದು ತುಂಬಾ ಚೆನ್ನಾಗಿ ಕಾಣುತ್ತದೆ. ಬೆಳಕು ಎದುರಿಗಿದ್ದಾಗ ಸೂರ್ಯ ಫ್ರೇಮಿನ ಸ್ವಲ್ಪ ಹೊರಗಿರುವ ಜಾಗವೇ ಅತಿ ಅಪಾಯದ್ದು, ಇಡೀ ಚಿತ್ರ ಬೆಳ್ಳಗಾಗಿಬಿಡುತ್ತದೆ. ಎಡಗೈಯನ್ನು ಲೆನ್ಸ್ ಮೇಲೆ ಮರೆ ಹಿಡಿದು ಪರದೆ ನೋಡಿ, ಕೈ ಒಂದು ಇಂಚು ಸರಿಸಿದರೆ ಬಣ್ಣ ವಾಪಸ್ ಬರುವುದು ಕಾಣುತ್ತದೆ. ಆ ಬಿಳುಪು ಬೇಕು ಅನ್ನಿಸಿದಾಗ ಕೈ ತೆಗೆಯಿರಿ.

ಹಿನ್ನೆಲೆ ನೋಡಿ ನಿಲ್ಲೋದು ಕಲಿಯಿರಿ. ಟ್ರಿಪ್ಲೆಟ್‌ಗೆ ದಟ್ಟ ಎಲೆಗಳ ಹಿನ್ನೆಲೆ ಕೊಟ್ಟರೆ ಗಜಿಬಿಜಿಯಾಗುತ್ತದೆ. ಗುಳ್ಳೆ ಬೇಕಾದರೆ ಹಿಂದೆ ದೂರದಲ್ಲಿ ಬಿಡಿಬಿಡಿ ಬೆಳಕು ಇರಬೇಕು: ಇಬ್ಬನಿ, ಎಲೆ ಸಂದಿಯ ಬಿಸಿಲು, ಸಣ್ಣ ಬಲ್ಬುಗಳು. ಫೋಕಸ್ ಮಾಡಿದ ವಸ್ತು ಎಷ್ಟು ಹತ್ತಿರವೋ ಗುಳ್ಳೆ ಅಷ್ಟು ದೊಡ್ಡದು. ಮುಖ್ಯ ವಸ್ತುವನ್ನು ಫ್ರೇಮಿನ ತೀರಾ ಅಂಚಿಗೆ ಒಯ್ಯಬೇಡಿ, ಪೂರ್ತಿ ತೆರೆದಾಗ ಅಲ್ಲಿ ಲೆನ್ಸ್‌ಗೆ ಶಕ್ತಿ ಇರಲ್ಲ. ಮೂರನೇ ಒಂದರ ನಿಯಮ, ಅಂದರೆ ವಸ್ತುವನ್ನು ನಡುವೆ ಇಡದೆ ಫ್ರೇಮಿನ ಮೂರನೇ ಒಂದು ಭಾಗದ ಗೆರೆಯಲ್ಲಿಡೋದು, ಕಲಿತವರಿಗೆ ಇದು ಮೊದಮೊದಲು ಕಿರಿಕಿರಿ. ನಡುವಿಗೆ ಹತ್ತಿರ ಇಟ್ಟು ಫ್ರೇಮ್ ಕಟ್ಟಿ, ಮಸುಕು ಅಂಚು ತಾನೇ ಚೌಕಟ್ಟಾಗುತ್ತದೆ.

ಹೆಜ್ಜೆ 7: ಎಡಿಟಿಂಗ್

ಜಾಸ್ತಿ ಮುಟ್ಟದಿದ್ದರೆ ಒಳ್ಳೆಯದು. ಚೂಪು ಮಾಡುವ ಸ್ಲೈಡರ್ ಎಳೆದು, ಮಂಜು ತೆಗೆಯುವ ಸ್ಲೈಡರ್ ಎಳೆದು ಕೊನೆಗೆ ಸಾಮಾನ್ಯ ಲೆನ್ಸ್‌ನ ಚಿತ್ರದ ಹಾಗೆ ಮಾಡುವುದಿದ್ದರೆ ಆ ಸಾಮಾನ್ಯ ಲೆನ್ಸ್ ಬಳಸಿದ್ದರೆ ಆಗುತ್ತಿತ್ತು. ಕಪ್ಪನ್ನು ಸ್ವಲ್ಪ ಇಳಿಸಿ, ಅಷ್ಟೇ ಸಾಕಾಗುತ್ತದೆ ಬಹಳ ಸಲ. ವೈಡ್ ಲೆನ್ಸ್‌ನ ಮೂಲೆಗೆ ಬಣ್ಣ ಹಿಡಿದಿದ್ದರೆ ಲೆನ್ಸ್ ಮೇಲೆ ಬೆಳಕು ತೂರುವ ಬಿಳಿ ಪ್ಲಾಸ್ಟಿಕ್ ಹಾಳೆ ಇಟ್ಟು ಪ್ರತಿ ಅಪರ್ಚರ್‌ನಲ್ಲೂ ಒಂದು ಖಾಲಿ ಚಿತ್ರ ತೆಗೆದಿಡಿ. ಲೈಟ್‌ರೂಮ್‌ನ ಫ್ಲ್ಯಾಟ್ ಫೀಲ್ಡ್ ಸೌಲಭ್ಯ ಅದನ್ನು ಆಧಾರ ಮಾಡಿಕೊಂಡು ಬಣ್ಣವನ್ನು ಸರಿ ಮಾಡುತ್ತದೆ. ಯಾವ ಲೆನ್ಸ್, ಯಾವ ಅಪರ್ಚರ್ ಅನ್ನೋದು ಫೈಲಿನಲ್ಲಿ ಇರಲ್ಲ. ಲೆನ್ಸ್ ಬದಲಿಸಿದಾಗ ಲೆನ್ಸಿನ ಮುಚ್ಚಳದ್ದೇ ಒಂದು ಫೋಟೋ ತೆಗೆದುಬಿಟ್ಟರೆ ಆಮೇಲೆ ಹುಡುಕಲು ಸುಲಭ.

ಹೆಜ್ಜೆ 8: ಸಂಗ್ರಹ ಮತ್ತು ಕಾಪಾಡೋದು

ಸಂಗ್ರಹ ಅಂದರೆ ರಾಶಿ ಹಾಕೋದು ಅಂತ ತಿಳಿಯಬೇಡಿ. ಒಂದೊಂದು ಮನೆತನದ್ದು ಒಂದೊಂದು ಇದ್ದರೆ ನಾಲ್ಕೈದು ಲೆನ್ಸ್‌ಗೆ ಸಂಗ್ರಹ ತುಂಬುತ್ತದೆ. ಹೊಸದು ಬರುವ ಮುಂಚೆ ಹಳೆಯದರಿಂದ ನಿಮಗೆ ನಿಜಕ್ಕೂ ಇಷ್ಟವಾದ ಚಿತ್ರಗಳನ್ನು ಪ್ರಿಂಟ್ ಮಾಡಿಸಿ ನೋಡಿ. ಪ್ರಿಂಟ್ ಮಾಡಿಸುವಂಥದ್ದು ಒಂದೂ ಇಲ್ಲ ಅಂದರೆ ಆ ಲೆನ್ಸ್ ಬೇರೆಯವರಿಗೆ ಹೋಗಲಿ. ಬೆಲೆ ಏರುತ್ತೆ ಅಂತ ಕೊಳ್ಳುವವರಿಗೆ ನಾನು ಸಲಹೆ ಕೊಡಲ್ಲ, ಪೆಟ್ಟಿಗೆಯಲ್ಲಿ ಕೂತ ಲೆನ್ಸ್‌ನ ಗ್ರೀಸ್ ಗಟ್ಟಿಯಾಗುವುದಂತೂ ಖಂಡಿತ.

ತೇವ ದೊಡ್ಡ ಶತ್ರು. ಮುಚ್ಚಳ ಬಿಗಿಯಾದ ಡಬ್ಬಿ, ಸಿಲಿಕಾ ಜೆಲ್, ತೇವ ತೋರಿಸುವ ಒಂದು ಸಣ್ಣ ಮೀಟರ್. ನೂರಕ್ಕೆ 40ರಿಂದ 50ರಷ್ಟು ತೇವ ಇದ್ದರೆ ಬೂಷ್ಟೂ ಬರಲ್ಲ, ಗ್ರೀಸೂ ಒಣಗಲ್ಲ. ಲೆನ್ಸ್ ಜೊತೆ ಬಂದ ಚರ್ಮದ ಚೀಲ ಎಷ್ಟೇ ಚೆಂದ ಇರಲಿ, ಅದರಲ್ಲಿ ಇಡಬೇಡಿ, ಚರ್ಮ ತೇವ ಹೀರಿ ಬೂಷ್ಟು ಸಾಕುತ್ತದೆ. ಒರೆಸುವುದಕ್ಕೆ ಮೊದಲು ಗಾಳಿ ಊದುವ ಬ್ಲೋವರ್, ಆಮೇಲೆ ಮೆತ್ತನೆ ಬ್ರಷ್, ಅದಕ್ಕೂ ಹೋಗದಿದ್ದರೆ ಮಾತ್ರ ಲೆನ್ಸ್ ಟಿಶ್ಯೂ. ಪುಟ್ಟ ಲೆನ್ಸ್‌ನ ಹುಡ್ ಅಥವಾ ಫಿಲ್ಟರ್ ಬಿಗಿಯಾಗಿ ಕಚ್ಚಿಕೊಂಡರೆ ಜೋರು ಮಾಡಬೇಡಿ, ಹುಡ್ ಬದಲು ಲೆನ್ಸ್‌ನ ಮುಂದಿನ ಉಂಗುರವೇ ಗಾಜಿನ ಸಮೇತ ಬಿಚ್ಚಿ ಬರಬಹುದು. ಅಗಲ ರಬ್ಬರ್ ಬ್ಯಾಂಡ್ ಸುತ್ತಿ ಮೆಲ್ಲಗೆ ತಿರುಗಿಸಿ.

ರಿಪೇರಿ ವಿಷಯದಲ್ಲಿ ಒಂದು ಮಾತು. ಒಬ್ಬರೇ ಮಾಡಿದ ಲೆನ್ಸ್‌ಗೆ ಸರ್ವಿಸ್ ಸೆಂಟರ್ ಇರಲ್ಲ. ಫೋಕಸ್ ಬಿಗಿಯಾದರೆ ಹಳೆಯ ಲೆನ್ಸ್ ಬಿಚ್ಚಿ ಕೈ ಪಳಗಿದ ಮೆಕ್ಯಾನಿಕ್ ಹತ್ತಿರವೇ ಹೋಗಬೇಕು. ಕೊಡುವಾಗ ಸ್ಪಷ್ಟವಾಗಿ ಹೇಳಿ: ಗಾಜುಗಳಿರುವ ಕೊಳವೆಯನ್ನು ಇಡಿಯಾಗಿ ಹೊರಗೆ ತೆಗೆದಿಟ್ಟು ಹೆಲಿಕಾಯ್ಡ್‌ಗೆ ಮಾತ್ರ ಹೊಸ ಗ್ರೀಸ್ ಹಾಕಿ, ಗಾಜು ಬಿಚ್ಚಬೇಡಿ. ಟ್ರಿಪ್ಲೆಟ್‌ನಲ್ಲಿ ನಡುಗಾಜು ಕೂದಲೆಳೆಯಷ್ಟು ಸರಿದರೂ ಚಿತ್ರ ಹಾಳು. ಒಳಗೆ ತೆಳುವಾದ ಲೋಹದ ಉಂಗುರಗಳಿದ್ದರೆ ಅವು ಫೋಕಸ್ ಹೊಂದಿಸಲು ತಯಾರಕರು ಇಟ್ಟವು. ಯಾವುದು ಎಲ್ಲಿತ್ತೋ ಅದೇ ಕ್ರಮದಲ್ಲಿ ವಾಪಸ್ ಹೋಗಬೇಕು, ಹಾಗಾಗಿ ಬಿಚ್ಚುತ್ತಾ ಹೋದಂತೆ ಫೋನಿನಲ್ಲಿ ಫೋಟೋ ತೆಗೆಯಲು ಹೇಳಿ. ಲೆನ್ಸ್ ವಾಪಸ್ ಬಂದ ದಿನ ಟೇಪಿನ ಪರೀಕ್ಷೆ ಮತ್ತೊಮ್ಮೆ ಮಾಡಿ, ಹಳೆಯ ಚೀಟಿಯ ಅಂಕಿಗಳ ಜೊತೆ ಹೋಲಿಸಿ ನೋಡಿದ ಮೇಲೆಯೇ ರಿಪೇರಿಯ ಬಾಕಿ ದುಡ್ಡು ಕೊಡಿ.